ಕೊಟ್ರೇಶಿಯ ವಿಚಾರಣೆ

ಅಂದು ಬೆಳಿಗ್ಗೆ ಮುರಿಗೆಪ್ಪ ಸಿಳ್ಳೆ ಹಾಕುತ್ತಲೇ ತನ್ನ ಬೆಣ್ಣೆದೋಸೆ ಹೋಟೆಲಿಗೆ ಬಂದ. ದೋಸೆ ಹಾಕುವ ಕೊಟ್ರೇಶಿ ದಿನಾ ತಡ. ಇವತ್ತು ಅವನನ್ನು ಕೆಲಸದಿಂದ ತೆಗೆಯುವುದೇ ಸೈ. "ಪಾಪ, ಬಿಡ್ರೀ ಅವನ್ನ" ಎಂದು ಹೆಂಡತಿ ಸರ್ವಮಂಗಳ ಗೋಗರೆದಿದ್ದಳು. ಹೆಂಗರುಳು ಎಂದು ಮುರಿಗೆಪ್ಪ ನಕ್ಕುಬಿಟ್ಟಿದ್ದ. ಹಾಗಂತ ಅನ್ಯಾಯ ಮಾಡುವ ಜಾಯಮಾನ ಅವನದಲ್ಲ. ಎಚ್ಚರಿಕೆ ಕೊಟ್ಟಾಗಿತ್ತು, ಇನ್ನು ಎಲ್ಲರೆದುರು ಅವನ ಮಾತನ್ನೂ ಕೇಳಿ, ಆಮೇಲೆ ಮರ್ಯಾದೆಯಿಂದ ಕಳಿಸುವುದು.

ಕೊಟ್ರೇಶಿ ಏದುಸಿರು ಬಿಡುತ್ತಾ ಒಳಬಂದ. ಸಪ್ಲೈಯರುಗಳು ಲೋಟ ಕೆಳಗಿಟ್ಟರು, ಗಿರಾಕಿಗಳು ಕಿವಿ ನಿಮಿರಿಸಿದರು.

"ನೋಡಪ್ಪಾ, ನನ್ ಹೆಂಡ್ತಿ ದಿನಾ ಬಿಸಿಬಿಸಿ ದೋಸೆ ಹಾಕಿ ನಡುಮನೆಗೇ ತಂದುಕೊಡ್ತಾಳೆ. ಅಂಥಾ ದೋಸೆ ನಿನ್ ಜನ್ಮದಾಗೆ ಹಾಕಾಕೆ ಬರಲ್ಲ, ಆ ಮಾತು ಬೇರೆ. ಅದನ್ನ ನಿಧಾನಕ್ಕೆ ತಿಂದೂ ನಾನು ನಿನಗಿಂತ ಮೊದ್ಲು ಬರ್ತೀನಿ. ನಿನಗ್ಯಾಕೆ ಆಗಲ್ಲ? ಕಾರಣ ಹೇಳು."

ಕೊಟ್ರೇಶಿ ತಲೆ ಕೆರೆದುಕೊಂಡ. "ಬ್ಯಾಡ ಬಿಡ್ರೀ ಸಾವ್ಕಾರ್ರೆ. ಹಂಗೇ ಕಳಿಸಿಬಿಡ್ರಿ."

"ಉಹೂಂ! ಕಾರಣ ಕೇಳದೆ ಕಳಿಸಿದ್ರೆ ನನಗೆ ನಿದ್ದೆ ಬರಲ್ಲ. ನಾಲ್ಕು ಜನ ಕೇಳಿಸ್ಕೊಳ್ಲಿ, ಗಟ್ಟಿಯಾಗಿ ಹೇಳು!"

ಕೊಟ್ರೇಶಿ ಗಂಟಲು ಸರಿಮಾಡಿಕೊಂಡ.

"ನೀವು ಆ ದೋಸೆ ತಿಂದು ಸ್ಕೂಟರ್ ಹತ್ತಿ ಬಂದುಬಿಡ್ತೀರಿ. ನಾನು ನಿಮ್ಮನೆ ಒಲೆ ಆರಿಸಿ, ಕಾವಲಿ ತೊಳೆದಿಟ್ಟು, ಹಿತ್ತಲ ಬಾಗಿಲಿಂದ ನಡಕೊಂಡು ಬರಬೇಕಲ್ರೀ!"