ಮಳೆಯಿಲ್ಲದೆ ಏರಿದ ನೀರು

ಕಾಡಿನ ಹಳ್ಳದಲ್ಲಿ ನೆಟ್ಟ ಅಳತೆಪಟ್ಟಿ ನೋಡಿ, ದಿನಾ ನೀರಿನ ಮಟ್ಟ ಬರೆದಿಡುವುದು ದ್ಯಾವಮ್ಮನ ಕೆಲಸ. ಪೇಟೆಗೆ ಕುಡಿಯುವ ನೀರು ಆ ಹಳ್ಳದ್ದೇ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಎಂಜಿನಿಯರ್ ಸಾಹೇಬರು ಆಕೆಯನ್ನು ಕಚೇರಿಗೆ ಕರೆಸಿದ್ದರು. ಕೂರಲು ಹೇಳಲಿಲ್ಲ.

“ಒಂದು ತಿಂಗಳಿಂದ ಒಂದು ಹನಿ ಮಳೆ ಬಿದ್ದಿಲ್ಲ. ನಿನ್ನ ಪುಸ್ತಕದಲ್ಲಿ ಮಾತ್ರ ಹಳ್ಳ ಏರ್ತಾನೇ ಇದೆ. ಆಕಾಶದಿಂದ ಯಾರಾದ್ರೂ ಕೊಡ ಬಗ್ಗಿಸಿದ್ರಾ?”

“ಇಲ್ಲಾ ಸಾ, ಮೇಲ್ಗಡೆ ಕಾಡಲ್ಲಿ...”

“ಬಾಯ್ಮುಚ್ಚು. ಮನೇಲಿ ಕೂತು ಬರ್ದಿದ್ದೀಯ. ಓದೋಕೆ ಬಾರದವರಿಗೂ ಆಗೋ ಕೆಲಸ, ಅದೂ ನೆಟ್ಟಗಿಲ್ಲ. ನಾಳೆಯಿಂದ ಬರಬೇಡ.”

“ಕಣ್ಣಾರೆ ನೋಡಿ ಬರ್ದಿದ್ದೀನಿ ಸಾ. ಈ ಕೆಲಸ ಬಿಟ್ರೆ ನಂಗೆ ಬೇರೆ ಗತಿಯಿಲ್ಲ. ಮೇಲ್ಗಡೆ...”

“ಅಜ್ಜಿಕತೆ ಬೇಡ. ಇಲ್ಲಿ ನೋಡು.” ಸಾಹೇಬರು ಕಂಪ್ಯೂಟರನ್ನು ಆಕೆಯತ್ತ ತಿರುಗಿಸಿದರು. “ಮಳೆ, ಮಣ್ಣು, ಇಳಿಜಾರು, ಮರ, ಎಲ್ಲದರ ಲೆಕ್ಕ ಇದರಲ್ಲಿದೆ. ನೆಲದ ನೀರನ್ನ ಮರ ಕುಡಿಯುತ್ತೆ, ಮಿಕ್ಕಿದ್ದು ಹಳ್ಳಕ್ಕೆ ಬರುತ್ತೆ. ಅರ್ಥ ಆಯ್ತಾ? ನಿನಗೆಲ್ಲಿ ಆಗುತ್ತೆ, ಬಿಡು.”

ನಗುತ್ತಲೇ ಅವರು ಮರಗಳ ಸಂಖ್ಯೆಯನ್ನು ಇಳಿಸುತ್ತಾ ಹೋದರು. ತೆರೆಯ ಮೇಲಿನ ಹಸಿರು ಚುಕ್ಕಿಗಳು ಬೆಳಗಿನ ನಕ್ಷತ್ರಗಳಂತೆ ಒಂದೊಂದಾಗಿ ಆರಿದವು. ಲೆಕ್ಕದ ನೀರು ಏರುತ್ತಾ ಕೊನೆಗೆ ಆಕೆ ಬರೆದ ಮಟ್ಟಕ್ಕೆ ಬಂದು ನಿಂತಿತು.

“ನೋಡು! ನಿನ್ನ ಸುಳ್ಳು ನಿಜ ಆಗಬೇಕಾದ್ರೆ ಕಾಡಲ್ಲಿ ನಾನೂರು ಮರ ಮಾಯ ಆಗಿರಬೇಕು. ಯಾವ ರಾಕ್ಷಸ ನುಂಗಿದ, ಹೇಳಮ್ಮಾ?”

“ಯಾರು ಅಂತ ಗೊತ್ತಿಲ್ಲ ಸಾ. ಕಡಿದ ಬುಡ ಎಣಿಸ್ಕೊಂಡೇ ಬಂದಿದ್ದೀನಿ, ಮುನ್ನೂರ ತೊಂಬತ್ತೆಂಟು.”