ಕರ್ಚಿಕಾಯಿ ಕೇಳಿದ ದೆವ್ವ

ದೆವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ಪಾರ್ವತಿಬಾಯಿ ಕರ್ಚಿಕಾಯಿ ತುಂಬಿದ ಡಾಲ್ಡಾ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಸಂಜೆಯೇ ಲೈಟು ಹೋಗಿತ್ತು. ಕಂದೀಲಿನ ಬೆಳಕಿನಲ್ಲಿ ದೆವ್ವದ ಮುಂಭಾಗ ಸಪಾಟಾಗಿತ್ತು, ಬೆನ್ನು ಮಾತ್ರ ಗೂನಾಗಿ ಅತ್ತಿತ್ತ ಅಲುಗಾಡುತ್ತಿತ್ತು. ದೆವ್ವಗಳು ಬಿಳಿ ಬಟ್ಟೆ ಉಡುತ್ತವೆ ಎಂದು ಕೇಳಿದ್ದೇವೆ. ಇದು ಮೈತುಂಬ ನವಿಲುಗಳಿದ್ದ ಕೆಂಪು ಚಾದರ ಹೊದ್ದಿತ್ತು. ಚಾದರ ನೇಯುವ ಊರಾದ ಸೋಲಾಪುರದ ದೆವ್ವ, ಪಾಪ, ಮನೆಯಲ್ಲಿ ಇದ್ದದ್ದನ್ನೇ ಹೊದೆಯಬೇಕಲ್ಲ.

“ಮೀ ಭೂತ ಆಹೇ,” ನಾನು ಭೂತ ಎಂದು ಮರಾಠಿಯಲ್ಲಿ ಹೇಳಿತು ದೆವ್ವ, ಮೂಗಿನಲ್ಲಿ.

“ಮರಾಠಿ ಸಾಲಿ ಕಲ್ತ ದೆವ್ವ ಏನು ನೀ?” ಪಾರ್ವತಿಬಾಯಿ ಕಸಬರಿಗೆ ಎತ್ತಿಕೊಂಡಳು. ಆಕೆಯ ತವರು ಭಂಡಾರಕವಠೆ. ಅಲ್ಲಿ ದೆವ್ವ ಬಂದರೆ ಯಾರೂ ಓಡುತ್ತಿರಲಿಲ್ಲ. ಕಸಬರಿಗೆ ಹಿಡಿದು ಹೆಸರು ಕೇಳುತ್ತಿದ್ದರು, ಹೇಳದಿದ್ದರೆ ಬಡಿಯುತ್ತಿದ್ದರು. “ಹೆಸರ ಹೇಳು. ಇಲ್ಲಂದ್ರ ಇದರಲೇ ಕೊಡ್ತೀನಿ ನೋಡು.”

ಚಾದರದೊಳಗೆ ಮೊಮ್ಮಗಳು ಕಸ್ತೂರಿ ಒಂದು ಹೆಜ್ಜೆ ಹಿಂದೆ ಸರಿದಳು. ಬೆನ್ನ ಮೇಲೆ ಕೂತ ತಮ್ಮ ಸಾತಲಿಂಗ ಅವಳ ಕುತ್ತಿಗೆಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ. ಅಪ್ಪ ಅವ್ವ ಪಟಾಕಿ ತರಲು ನವೀ ಪೇಠೆಗೆ ಹೋಗಿದ್ದರು. ಮಧ್ಯಾಹ್ನದಿಂದ ಮನೆಯೆಲ್ಲ ಕರ್ಚಿಕಾಯಿಯ ವಾಸನೆ, ಆದರೆ ನಾಳೆ ಲಕ್ಷ್ಮೀಪೂಜೆ ಆಗುವ ತನಕ ಮನೆಯವರು ಯಾರೂ ಮುಟ್ಟುವಂತಿಲ್ಲ. ದೆವ್ವ ಮನೆಯವರ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೊಳೆದದ್ದು ಕಸ್ತೂರಿಗೆ. ಎಲ್ಲ ಯೋಚಿಸಿದ್ದಳು, ಕಸಬರಿಗೆಯೊಂದನ್ನು ಬಿಟ್ಟು. ಈಗ ಕಸಬರಿಗೆಗೆ ಜಗ್ಗದ ಹೆಸರೊಂದು ಬೇಕಾಗಿತ್ತು, ಮತ್ತು ಸತ್ತವರ ಪೈಕಿ ಅವಳಿಗೆ ಗೊತ್ತಿದ್ದವರು ಒಬ್ಬರೇ.

“ನಾ ಶಂಕರೆಪ್ಪ,” ಎಂದುಬಿಟ್ಟಳು.

ಅದು ಮುತ್ಯಾನ, ಅಂದರೆ ಅವಳ ಅಜ್ಜನ ಹೆಸರು. ಅವರು ತೀರಿಕೊಂಡು ಎರಡು ದೀಪಾವಳಿ ಕಳೆದಿದ್ದವು. ಗಂಡನ ಹೆಸರನ್ನು ಮದುವೆಯ ಒಡಪಿನಲ್ಲಿ ಬಿಟ್ಟರೆ ಪಾರ್ವತಿಬಾಯಿ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಕಿವಿಗೆ ಬಿದ್ದದ್ದೇ ತಡ, ಒಂದು ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆಯಿತು, ಕಸಬರಿಗೆ ಹಿಡಿದ ಕೈ ಬೆನ್ನ ಹಿಂದೆ ಹೋಯಿತು. ಮರುಕ್ಷಣವೇ ಚಾದರದ ಕೆಳಗೆ ಕಸ್ತೂರಿಯ ಕಾಲ್ಗೆಜ್ಜೆ ಕಂಡವು. ಎಲ್ಲ ತಿಳಿಯಿತು. ಆದರೇನು, ಹೆಸರು ಹೇಳಿ ಆಗಿತ್ತು. ಆ ಹೆಸರಿಗೆ ಕಸಬರಿಗೆ ತೋರಿಸುವುದು ಆಕೆಯಿಂದ ಆಗದ ಮಾತು.

“ಬಾಗಲದಾಗ ಯಾಕ ನಿಂತ್ರಿ, ಒಳಗ ಬರ್ರಿ,” ಎಂದು ಮಣೆ ಹಾಕಿದಳು. “ಏನ್ ಬೇಕಾಗಿತ್ರಿ?”

“ಕರ್ಚಿಕಾಯಿ,” ಎಂದಿತು ದೆವ್ವ.

“ಎರಡು,” ಎಂದಿತು ದೆವ್ವದ ಬೆನ್ನು.

“ಇನ್ನಾ ಪೂಜಿ ಆಗಿಲ್ರಿ.”

“ಸತ್ತವರಿಗೆ ಎಲ್ಲಿ ಪೂಜಿ,” ಎಂದಿತು ದೆವ್ವ, ಸ್ವಲ್ಪ ಧೈರ್ಯ ಬಂದು.

ಮಾತು ಸರಿಯಾಗಿಯೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಪಾರ್ವತಿಬಾಯಿಗೆ ತನ್ನದೇ ಒಂದು ಸಂಕಟವಿತ್ತು. ಅದು ಎಪ್ಪತ್ತನಾಲ್ಕನೇ ಇಸವಿ. ಈ ದೀಪಾವಳಿಗೆ ರೇಷನ್ ಸಕ್ಕರೆ ಸಾಲದೆ, ಹೂರಣಕ್ಕೆ ಅರ್ಧ ಬೆಲ್ಲ ಹಾಕಿದ್ದಳು. ನೈವೇದ್ಯದ ತಿನಿಸು, ರುಚಿ ನೋಡುವಂತಿಲ್ಲ. ನಾಳೆ ಅಕ್ಕಲಕೋಟೆಯಿಂದ ನಾದಿನಿ ಗಂಗುಬಾಯಿ ಬರುತ್ತಾಳೆ. ಆಕೆ ಕರ್ಚಿಕಾಯಿಯನ್ನು ಮೊದಲು ಬೆಳಕಿಗೆ ಹಿಡಿದು ನೋಡಿ, ಆಮೇಲೆ ತುದಿ ಮುರಿಯುವವಳು. ಆಕೆ ಅಂದದ್ದು ವರ್ಷವಿಡೀ ಅಕ್ಕಲಕೋಟೆಯಲ್ಲಿ ಓಡಾಡುತ್ತದೆ. ದೆವ್ವ ತಿಂದರೆ ರುಚಿ ಹೇಗಾಗಿದೆ ಎಂದಾದರೂ ತಿಳಿದೀತು. ಮುಚ್ಚಳ ತೆಗೆದು, ಎರಡು ಕರ್ಚಿಕಾಯಿಗಳನ್ನು ಚಾದರದ ಸಂದಿಯಿಂದ ಒಳಗೆ ದಾಟಿಸಿದಳು.

ಒಳಗೆ ಕುರುಂಕುರುಂ ಶುರುವಾಯಿತು. ಪಾರ್ವತಿಬಾಯಿ ಕೈಕಟ್ಟಿ ಎದುರಿಗೆ ನಿಂತಳು. ಶಂಕರೆಪ್ಪ ಉಣ್ಣುವಾಗಲೂ ಹೀಗೇ ನಿಲ್ಲುತ್ತಿದ್ದಳು. ಅವರು ತಲೆ ತಗ್ಗಿಸಿ ಉಂಡು, ಕೈ ತೊಳೆದು, ಟೋಪಿ ಇಟ್ಟುಕೊಂಡು ಅಂಗಡಿಗೆ ಹೊರಟುಬಿಡುತ್ತಿದ್ದರು. ರುಚಿಯಾದಾಗಲೂ ಅಷ್ಟೇ, ಉಪ್ಪು ಮರೆತಾಗಲೂ ಅಷ್ಟೇ.

ಅಜ್ಜಿ, ಅವಳ ಆಯಿ, ಕೈಕಟ್ಟಿ ಎದುರಿಗೆ ನಿಂತೇ ಇದ್ದದ್ದು ನೋಡಿ ಕಸ್ತೂರಿಗೆ ಮತ್ತೆ ಹೆದರಿಕೆಯಾಯಿತು. ಸಿಟ್ಟು ಬಂದಿರಬೇಕು, ಏನಾದರೂ ಒಳ್ಳೆಯ ಮಾತು ಆಡಿಬಿಡೋಣ ಎಂದುಕೊಂಡಳು.

“ಭಾಳ ಚಲೋ ಆಗ್ಯಾವ,” ಎಂದಳು ತುಂಬಿದ ಬಾಯಲ್ಲಿ. “ಬೆಲ್ಲ ಹಾಕಿದ್ದಕ್ಕ ಹ್ವಾದ ವರ್ಷಕ್ಕಿಂತ ಚಲೋ ಆಗ್ಯಾವ.”

ಪಾರ್ವತಿಬಾಯಿ ಕೂತುಬಿಟ್ಟಳು.

“ಇವ್ರು ಅವರಲ್ಲ,” ಎಂದಳು ತನ್ನಷ್ಟಕ್ಕೆ. “ಅವರು ಒಂದಿನಾನೂ ಹೀಂಗ ಅಂದವರಲ್ಲ.”

ಸಿಕ್ಕಿಬಿದ್ದೆವು ಎಂದು ಕಸ್ತೂರಿ ತಾನೇ ಚಾದರ ಕಿತ್ತೆಸೆದಳು. ಇಬ್ಬರ ಗದ್ದಕ್ಕೂ ಹೂರಣ ಮೆತ್ತಿತ್ತು. “ಆಯಿ, ನಾ ಕಸ್ತೂರಿ. ಇಂವ ಸಾತ್ಯಾ. ಬಡೀಬ್ಯಾಡ ಆಯಿ.”

ಆಯಿ ಬಡಿಯಲಿಲ್ಲ. ನೆಲಕ್ಕೆ ಬಿದ್ದ ಚಾದರ ಎತ್ತಿ, ಧೂಳು ಕೊಡವಿ, ಇಬ್ಬರೂ ಪೂರ್ತಿ ಮುಚ್ಚುವಂತೆ ಮತ್ತೆ ಹೊದಿಸಿದಳು. ಜಾರಿದ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಡಬ್ಬಿಯನ್ನು ಮಣೆಯ ಹತ್ತಿರ ಸರಿಸಿದಳು.

“ಇನ್ನೊಂದು ತಗೋರಿ,” ಎಂದಳು ಚಾದರಕ್ಕೆ. “ಈಗ ಅಂದ್ರಲ್ಲ, ಅದನ್ನ ಇನ್ನೊಮ್ಮೆ ಅನ್ರಿ.”