ತಂತಿಯಲ್ಲಿ ಬಂದ ‘ಡೆಲಿವರ್ಡ್’

ಹಳೆಯ ನಿಘಂಟಿನ ಮುಗ್ಗುಲು ವಾಸನೆ ಮೂಗಿಗೆ ತಾಗಿದರೆ ಈಗಲೂ ಗುಬ್ಬಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕುಣಿಗಲ್‌ನಿಂದ ತಂತಿ ಬಂದಿತ್ತು. ತುಂಬು ಬಸುರಿ ಅಕ್ಕನ ಹೆಸರು, ಅದರ ಮುಂದೆ ‘ಡೆಲಿವರ್ಡ್’ ಎಂಬ ಒಂದೇ ಪದ. ಮನೆಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದವಳು ನಾನೊಬ್ಬಳೇ. ನಿಘಂಟು ತೆರೆದು, ಮೊದಲು ಕಂಡ ಅರ್ಥವನ್ನೇ ಹಿಡಿದು ‘ಬಿಡುಗಡೆಯಾಯಿತು’ ಎಂದು ಓದಿದೆ.

“ಹೋಗ್ಬುಟ್ಲೇನೇ ನನ್ ಮೊಮ್ಮಗ್ಳು!” ಎಂದು ಅಜ್ಜಿ ಎದೆ ಬಡಿದುಕೊಂಡಳು. ಅಮ್ಮ ಗೋಡೆಗೊರಗಿ ಕುಸಿದಳು. ನಾನು ತಂತಿ ಹಿಡಿದು ಪಕ್ಕದ ಬೀದಿಯ ಮೇಷ್ಟ್ರ ಮನೆಗೆ ಓಡಿದೆ.

“ಹೆರಿಗೆ ಆಗಿದೆ ಕಣಮ್ಮ,” ಎಂದರು ಮೇಷ್ಟ್ರು.

ಓಡಿ ಬಂದು ಹೇಳಿದೆ. ಅಜ್ಜಿ, “ಗಂಡೋ ಹೆಣ್ಣೋ?” ಎಂದಳು. ಅಮ್ಮ ನನ್ನ ಎರಡೂ ತೋಳು ಹಿಡಿದು, “ಅವ್ಳು ಚೆನ್ನಾಗವ್ಳಂತಾ?” ಎಂದಳು.

ತಂತಿಯಲ್ಲಿ ಅದಿರಲಿಲ್ಲ. “ಹೂಂ, ಹಂಗೇ ಬರ್ದವ್ರೆ,” ಎಂದೆ.

ಕುಣಿಗಲ್ ತಲುಪಿ ಅಕ್ಕನ ದನಿ ಕಿವಿಗೆ ಬೀಳುವವರೆಗೂ ಅಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.